ಗಂಗಮ್ಮ ಕೊಟ್ಟ ಲೀವ್

ಹಳೆಯ ಇಂಗ್ಲಿಷ್ ನಿಘಂಟು ತೆರೆದರೆ ಮೊದಲು ಬರುವುದು ಅರ್ಥವಲ್ಲ, ನುಸಿಗುಳಿಗೆಯ ವಾಸನೆ. ಅರಸೀಕೆರೆಯ ಈ ಮನೆಯಲ್ಲಿ ಮಧ್ಯಾಹ್ನ, ದೂರದ ರೈಲಿನ ಸದ್ದಿಗೆ ತೂಕಡಿಸುತ್ತಾ ಪುಟ ತಿರುವುತ್ತಿದ್ದೆ. ಒಂದು ಚೀಟಿ ಮಡಿಲಿಗೆ ಬಿತ್ತು. 'ಐ ಲೀವ್ ಯೂ. ಗಂಗಮ್ಮ.' ಹತ್ತು ವರ್ಷದ ಸಿಟ್ಟು, ನೋಡಿ, ಇನ್ನೂ ಹಸಿಯಾಗಿಯೇ ಇತ್ತು.

ತೊಂಬತ್ತರ ದಶಕದಲ್ಲಿ ಹಳೇಬೀಡಿನ ಶಾಲೆಯೊಂದರಲ್ಲಿ ಹುಲಿಕೆರೆಯ ಗಂಗಮ್ಮ ಕನ್ನಡ ಮೇಡಂ. ನಾನು ಇಂಗ್ಲಿಷ್ ಮೇಡಂ, ಆದ್ದರಿಂದ ಸ್ವಲ್ಪ ಜಂಬ. ಸಂಜೆ ಅವರೂರಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು, ನೀರಲ್ಲಿ ಅಲುಗಾಡುವ ಆಕಾಶ ನೋಡುತ್ತಾ, ದಿನಕ್ಕೊಂದು ಇಂಗ್ಲಿಷ್ ಪದ ಕಲಿಸುತ್ತಿದ್ದೆ. ಒಂದು ದಿನ ಲೀವ್ ಬಂತು.

"ಬಿಡು, ಬಿಟ್ಟು ಹೋಗು ಅಂತ," ಎಂದೆ.

"ಮತ್ತೆ ಲೀವ್ ಲೆಟರ್? ಲೀವ್ ಕೊಡಿ ಅಂತೀವಲ್ಲ, ಅಪ್ಪಣೆ ಕೊಡಿ ಅಂದಂಗಲ್ವೇನ್ರೀ?"

"ಸ್ಕೂಲು ಬಿಟ್ಟು ಹೋಗ್ತೀವಲ್ಲ ಗಂಗಮ್ಮ, ಅದಕ್ಕೇ ಲೀವ್. ಎರಡೂ ಒಂದೇ."

ನನಗೆ ಗೊತ್ತಿರಲಿಲ್ಲ, ಆದರೂ ಹೇಳಿಬಿಟ್ಟೆ. ಅವರು ಒಪ್ಪಲಿಲ್ಲ. ಅವರ ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನುವಂತಿರಲಿಲ್ಲ, 'ಬತ್ತೀನಿ' ಅನ್ನಬೇಕು. ಅವರು 'ಹೂಂ, ಹೋಗ್ಬನ್ನಿ' ಎಂದಮೇಲೇ ಹೊಸಿಲು ದಾಟಬೇಕು.

ನನಗೆ ಅರಸೀಕೆರೆಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಗಂಗಮ್ಮನೇ ಇಲ್ಲ. ಹಸು ಕರು ಹಾಕುವುದರಲ್ಲಿದೆ ಎಂದು ರಜೆಯ ಅರ್ಜಿ ಕಳಿಸಿದ್ದರು, ಜೊತೆಗೆ ನನಗೆ ಈ ಚೀಟಿ. ನಿನ್ನನ್ನು ಬಿಟ್ಟೆ! ಅಷ್ಟು ಸಸಾರವಾದೆನೇ ಎಂದು ಅಳು ಬಂತು. ಚೀಟಿಯನ್ನು ನಿಘಂಟಿಗೆ ತುರುಕಿ, ಹುಲಿಕೆರೆ ಕಡೆ ತಲೆ ಹಾಕದೆ ಬಸ್ ಹತ್ತಿದೆ. ಆಮೇಲೆ ಕಾಗದವಿಲ್ಲ, ಮಾತಿಲ್ಲ.

ಇವತ್ತು ಮೊದಲ ಸಲ ಆ ಪದವನ್ನು ನಿಘಂಟಿನಲ್ಲಿ ಹುಡುಕಿದೆ. ಲೀವ್ ಒಂದಲ್ಲ, ಎರಡು. ಒಂದಕ್ಕೊಂದು ಸಂಬಂಧವೇ ಇಲ್ಲ. ಬಿಡುವ ಲೀವ್ ಹುಟ್ಟಿದ್ದು ಉಳಿಸು ಎಂಬ ಹಳೆಯ ಮಾತಿನಿಂದ. ರಜೆಯ ಲೀವ್ ಎಂದರೆ ಅಪ್ಪಣೆಯೇ, ಪ್ರೀತಿ ಎಂಬ ಪದದ ಒಡಹುಟ್ಟು. ಕನ್ನಡ ಮೇಡಂ ಹೇಳಿದ್ದೇ ಸರಿ. ಇಂಗ್ಲಿಷ್ ಮೇಡಂಗೆ ಪುಟ ತಿರುವಲು ಹತ್ತು ವರ್ಷ ಬೇಕಾಯಿತು.

ಅವರಿವರನ್ನು ಕೇಳಿ ನಂಬರ್ ಹಿಡಿದು ಫೋನ್ ಮಾಡಿದೆ.

"ಗಂಗಮ್ಮ, ಅವತ್ತು ನಿಮಗೆ ಹೇಳದೇ ಬಂದುಬಿಟ್ಟೆ."

"ನಾನೇ ಬರ್ದು ಕಳ್ಸಿದ್ನಲ್ಲ ಕಣ್ರೀ, ಹೋಗ್ಬನ್ನಿ ಅಂತ. ಹೋದ್ರಿ. ಬರೋದ್ನೇ ಮರೆತ್ರಿ."

"ಬತ್ತೀನಿ," ಎಂದೆ. ಈ ಸಲ ಆ ಮಾತಿಗೆ ಬರುತ್ತೇನೆ ಎಂದಷ್ಟೇ ಅರ್ಥವಿತ್ತು.