ಎಡಭುಜದ ಹತ್ತಿ

ಬೆಳಕು ಹರಿಯುವ ಮೊದಲೇ ಆ ಓಣಿಯಲ್ಲಿ ಹೊಲಿಗೆ ಮಷಿನ್ನಿನ ಟಕಟಕ ಶುರುವಾಗುತ್ತದೆ. ಟೈಲರಕ್ಕನಿಗೆ ವಿಚ್ಛೇದನವಾಗಿ ನಾಲ್ಕು ವರ್ಷ. ಮಗಳು ಏಳುವಷ್ಟರಲ್ಲಿ ಅವಳು ಒಂದು ಅಂಗಿ ಮುಗಿಸಿರುತ್ತಾಳೆ. "ಬಟ್ಟೆ ಹೊಲಿಯೋಳು ಮಗಳನ್ನೇನು ಸಾಕ್ತಾಳೆ?" ಎಂದು ಕೋರ್ಟಿನಲ್ಲಿ ಗಂಡ ಹಂಗಿಸಿದ್ದನ್ನು ಅವಳು ಮರೆತಿಲ್ಲ.

ಕಳೆದ ವಾರ ಅವನೇ ಕೋಟಿನ ಬಟ್ಟೆ ಹಿಡಿದು ಬಂದ, ತನ್ನ ಎರಡನೇ ಮದುವೆಗೆ. "ಬೇರೆ ಯಾರು ಹೊಲಿದ್ರೂ ನಂಗೆ ಸರಿಯಾಗಿ ಕೂರಲ್ಲ ಕಣೇ."

ಕೂರುವುದಾದರೂ ಹೇಗೆ? ಅವನ ಎಡಭುಜ ಒಂದು ಬೆರಳಿನಷ್ಟು ಇಳಿದಿದೆ. ಅವನಿಗೇ ಗೊತ್ತಾಗದ ಹಾಗೆ ಅವಳು ಆ ಕಡೆ ಒಂದು ಪದರ ಹತ್ತಿ ಹೆಚ್ಚು ಇಟ್ಟು ಹೊಲಿಯುತ್ತಿದ್ದಳು. ಈ ಸಲ ಎರಡೂ ಕಡೆ ಸಮನಾಗಿ ಇಟ್ಟಳು.

ಮದುವೆಯ ಹಿಂದಿನ ದಿನ ಬಂದು ಅಲ್ಲೇ ಕೋಟು ತೊಟ್ಟು ಕನ್ನಡಿ ನೋಡಿದವನೇ ಬೆಚ್ಚಿದ. "ಇದೇನೇ, ಒಂದು ಕಡೆ ಜೋತುಬಿದ್ದಿದೆ! ಕೆಲಸ ಮರೆತೋಯ್ತಾ?"

"ಕೋಟು ನೆಟ್ಟಗೇ ಇದೆ. ಸೊಟ್ಟಗಿರೋದು ನೀನು. ಜೊತೆಗಿದ್ದಷ್ಟು ವರ್ಷ ಹತ್ತಿ ತುಂಬಿ ಮುಚ್ಚಿಟ್ಟಿದ್ದೆ."

"ನಾಳೆ ಎಲ್ಲರ ಮುಂದೆ ಹೀಗೇ ನಿಲ್ಲಲಾ? ಬಿಚ್ಚಿ ಸರಿಮಾಡು, ಕೈ ಮುಗೀತೀನಿ."

"ಮಗಳ ಸ್ಕೂಲ್ ಬಿಡೋ ಹೊತ್ತಾಯ್ತು," ಎಂದು ಅವಳು ಚಪ್ಪಲಿ ಮೆಟ್ಟಿದಳು. "ಹೋಗೋವಾಗ ಬಾಗಿಲು ಎಳ್ಕೊಂಡು ಹೋಗು. ಮತ್ತೆ ನಾಳೆ ಫೋಟೋ ತೆಗೆಯೋವಾಗ ಸ್ವಲ್ಪ ಬಲಗಡೆಗೆ ವಾಲಿ..." ಎನ್ನುತ್ತಲೇ ಓಣಿಗಿಳಿದು ನಡೆದುಬಿಟ್ಟಳು.