ಹಸಿದು ಬಂದವರಿಗೆ ಇಲ್ಲ ಅಂದದ್ದು

ಪೀಣ್ಯದಲ್ಲಿ ಕಾರ್ಖಾನೆಗಳು ಏಳುವಾಗ ನಮ್ಮ ರಾಗಿ ಹೊಲ ಹೋಯಿತು. ರಸ್ತೆ ಬದಿಯ ಒಂದು ತುಂಡು ಉಳಿಯಿತು. ಎಪ್ಪತ್ತರ ದಶಕದ ಕೊನೆಗೆ ನನ್ನ ಗಂಡ ಅಲ್ಲಿ ಶೀಟು ಹೊದಿಸಿ ಹೋಟೆಲು ಇಟ್ಟರು. ಗಲ್ಲಾದಲ್ಲಿ ಅವರು, ಒಲೆಯ ಮುಂದೆ ನಾನು. ಹೊಲ ಹೋದದ್ದಕ್ಕೆ ಅತ್ತಿದ್ದೆನೋ ಇಲ್ಲವೋ ನೆನಪಿಲ್ಲ. ಬೆಳಗಾಗುವ ಮುಂಚೆ ಹಿಟ್ಟು ಉಕ್ಕಿರಬೇಕು, ಸಾಗು ಕುದಿಯಬೇಕು ಅನ್ನುವುದೊಂದೇ ತಲೆಯಲ್ಲಿರುತ್ತಿತ್ತು.

ಎದುರು ಶೆಡ್ಡಿನಲ್ಲಿ ಲೇತ್ ಮಿಷನ್ನಿನ ಮೇಲೆ ಕೆಲಸ ಮಾಡುವ ಒಬ್ಬ ಮೊದಲಿನಿಂದಲೂ ನಮ್ಮಲ್ಲೇ ತಿನ್ನುತ್ತಿದ್ದ. ತುಮಕೂರು ಕಡೆಯವನು, ಒಬ್ಬನೇ ರೂಮು ಮಾಡಿಕೊಂಡಿದ್ದ. ಬಂದ ಹೊಸದರಲ್ಲಿ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟು ಸಣಕಲ. ಬೆಳಿಗ್ಗೆ ಪೂರಿ, ಮಧ್ಯಾಹ್ನ ಊಟ, ಸಂಜೆ ಬೆಣ್ಣೆ ಹಾಕಿದ ಮಸಾಲೆ ದೋಸೆ. ನೋಡನೋಡುತ್ತ ಕೆನ್ನೆ ತುಂಬಿತು. ನನ್ನ ಗಂಡನಿಗೆ ಅದೇ ಹೆಮ್ಮೆ. ಹೊಸ ಗಿರಾಕಿ ಬಂದರೆ ಆತನ ಬೆನ್ನು ತಟ್ಟಿ, "ನೋಡಿ ಸಾರ್, ನಮ್ಮ ಓಟ್ಲು ಊಟ ಎಂಗೆ ಮೈಗತ್ತೈತೆ!" ಎನ್ನುತ್ತಿದ್ದರು. ಆತನೂ ನಗುತ್ತಿದ್ದ. ಮೈ ತುಂಬಿಕೊಂಡರೆ ಸುಖವಾಗಿದ್ದಾನೆ ಅನ್ನುವ ಕಾಲ ಅದು. ಆತ ಕೇಳದಿದ್ದರೂ ದೋಸೆಗೆ ನಾನು ಇನ್ನೊಂದು ಉಂಡೆ ಬೆಣ್ಣೆ ಹಾಕುತ್ತಿದ್ದೆ.

ಆಮೇಲೆ ಆತನಿಗೆ ಸ್ಟೋರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ದಿನವೆಲ್ಲ ನಿಲ್ಲುತ್ತಿದ್ದವನು ಕುರ್ಚಿ ಹಿಡಿದ. ಮದುವೆಯಾಯಿತು, ಮನೆಯಲ್ಲಿ ಒಲೆ ಹೊತ್ತಿತು. ಆದರೂ ನಮ್ಮಲ್ಲಿಗೆ ಬರುವುದು ತಪ್ಪಲಿಲ್ಲ. ಬೆಂಚಿನ ಮೇಲೆ ಇಬ್ಬರ ಜಾಗ ಬೇಕಾಗುತ್ತಿತ್ತು. ಬಂದು ಕೂತರೆ ಏದುಸಿರು ಇಳಿಯುವವರೆಗೂ ಮಾತಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆತನ ಹೆಂಡತಿ ಹಿತ್ತಲ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಕೂರಲಿಲ್ಲ.

"ಅಕ್ಕ, ಡಾಕ್ಟ್ರು ಬಿಪಿ ಐತೆ, ಶುಗರ್ ಐತೆ ಅಂದವ್ರೆ. ಎಣ್ಣೇದು ಮುಟ್ಟಂಗಿಲ್ಲ. ಮನೇಲಿ ಮುದ್ದೆ, ಸೊಪ್ಪಿನ ಸಾರು ಮಾಡಿಕ್ತೀನಿ. ಉಂಡ್ಬಿಟ್ಟು ಇಲ್ಲಿಗೂ ಬತ್ತಾರೆ. ನೀವು ಕೊಡ್ಬೇಡಿ."

"ಕೊಡಲ್ಲ ಅನ್ನೋಕಾಯ್ತದೇನವ್ವ? ಅವ್ರೇನು ಮಗೂನಾ?"

"ಮಾಡಿಕೊಡೋರು ನೀವಲ್ವಾ ಅಕ್ಕ?"

ಜಗಳದ ದನಿಯಲ್ಲ. ಉತ್ತರಕ್ಕೆಂದು ನಿಂತೇ ಇದ್ದಳು. ನಾನು ಒಲೆಯ ಉರಿ ಸಣ್ಣ ಮಾಡಲು ಒಳಗೆ ತಿರುಗಿದೆ.

ಗಂಡನಿಗೆ ಹೇಳಿದೆ. "ಅಸ್ಕೊಂಡು ಬಂದೋರ್ಗೆ ಇಲ್ಲ ಅನ್ನೋದು ಓಟ್ಲೋರು ಮಾಡೋ ಕೆಲ್ಸವೇನೇ?" ಎಂದು ರೇಗಿದರು. ಆದರೆ ಮರುದಿನ ಬೆಳಿಗ್ಗೆ ಅವರೇ ಎದ್ದು ಹೋಗಿ ಆತನ ಮುಂದೆ ಇಡ್ಲಿ ತಟ್ಟೆ ಇಟ್ಟರು.

"ಪೂರಿ ಹೇಳಿದ್ದೆ ಅಣ್ಣ."

"ಇನ್ಮೇಲೆ ಇಡ್ಲಿನೇ ತಿನ್ನಿ ಸಾರ್. ಮನೆಯೋರು ಬಂದು ಹೇಳವ್ರೆ."

ಪಕ್ಕದ ಬೆಂಚಿನಿಂದ ಯಾರೋ, "ಹೆಂಡ್ತಿ ಆರ್ಡರ್ ಗುರು!" ಎಂದು ನಕ್ಕರು. ಆತನ ಮುಖ ಕಪ್ಪಿಟ್ಟಿತು. "ಬೆನ್ನು ತಟ್ಟಿ ತಿನ್ಸಿದೋರು ನೀವು. ಈಗ ನನ್ ಹೊಟ್ಟೆ ಅಳೀತೀರಾ?" ಎಂದು ತಟ್ಟೆ ಸರಿಸಿ ಎದ್ದ.

ಮುಂದಿನ ತಿರುವಿನಲ್ಲಿ ಹೊಸದೊಂದು ಹೋಟೆಲಾಗಿತ್ತು. ಅಲ್ಲಿ ಆತನನ್ನು ಬಲ್ಲವರಿರಲಿಲ್ಲ, ಕೇಳಿದ್ದನ್ನು ಕೊಟ್ಟರು. ನಮ್ಮ ಮುಂದೆಯೇ ನಿಧಾನವಾಗಿ ನಡೆದು ಹೋಗುತ್ತಿದ್ದ, ಈ ಕಡೆ ತಿರುಗುತ್ತಿರಲಿಲ್ಲ. ನಾನು ಒಲೆಯ ಹಿಂದಿನಿಂದ ನೋಡುತ್ತಿದ್ದೆ. ದುಃಖವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಸಂಜೆಗೆ ಒಂದು ದೋಸೆ ಕಡಿಮೆ ಹುಯ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸ್ಟೋರಿನಲ್ಲಿ ಕೂತಲ್ಲೇ ಆತನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಅವತ್ತು ಹೋಟೆಲಿನ ತುಂಬ ಅದೇ ಮಾತು. "ತಿಂದೂ ತಿಂದೂ ಮಾಡ್ಕೊಂಡ ಕಣೋ" ಎಂದವರೇ ಇನ್ನೊಂದು ವಡೆ ಹೇಳಿದರು. ನನ್ನ ಗಂಡ ತಂದಿಟ್ಟರು. ನಾನು ಕರಿದೆ.

ಕೆಲವು ತಿಂಗಳಾದ ಮೇಲೆ ಆತನ ಹೆಂಡತಿ ಮತ್ತೆ ಹಿತ್ತಲಿಗೆ ಬಂದಳು, ಕೈಯಲ್ಲಿ ಟಿಫನ್ ಕ್ಯಾರಿಯರ್. ಆತನಿದ್ದ ಕಾರ್ಖಾನೆಯಲ್ಲೇ ಅವಳಿಗೆ ಗುಡಿಸುವ ಕೆಲಸ ಕೊಟ್ಟಿದ್ದರು.

"ಅಗಿಯೋಕಾಗಲ್ಲ ಅಕ್ಕ. ನಾನು ಮಾಡಿದ್ದು ಬ್ಯಾಡ, ನಿಮ್ಮ ಇಡ್ಲಿನೇ ಬೇಕಂತಾರೆ."

ಬಿಸಿ ಇಡ್ಲಿ ಹಾಕಿದೆ. ಒಗ್ಗರಣೆಯಿಲ್ಲದ ಚಟ್ನಿ ಬೇರೆ ಮಾಡಿಕೊಡಲೇ ಎಂದು ಕೇಳಿದೆ. ಅವಳು ಚಟ್ನಿಯ ಡಬ್ಬಿ ಬಿಚ್ಚಿ ನನ್ನ ಮುಂದೆ ಇಟ್ಟಳು.

"ಅವತ್ತು ನೀವು ಇಲ್ಲ ಅನ್ನದೆ ಇದ್ದಿದ್ರೆ ಇಲ್ಲೇ ತಿಂತಿದ್ರು. ನಿಮ್ಮ ಕಣ್ಣ ಮುಂದಾದ್ರೂ ಇರೋರು. ನಾನೇ ಬೇಡ್ಕೊಂಡೆ, ನಾನೇ ಇಂಗಂತೀನಿ. ಮನಸ್ಗೆ ಹಚ್ಕೋಬೇಡಿ ಅಕ್ಕ. ಒಗ್ಗರಣೆ ಇರೋದನ್ನೇ ಹಾಕಿ, ತಿನ್ಲಿ."

ಹಚ್ಚಿಕೊಳ್ಳಬೇಕಿತ್ತು ಅನ್ನಿಸಿತು. ಆದರೆ ಒಳಗೆ ಏನೂ ಅಲುಗಲಿಲ್ಲ. ಚಟ್ನಿ ತುಂಬಿ ಮುಚ್ಚಳ ಒತ್ತಿ ಕೊಟ್ಟೆ.

ತನ್ನ ಗಂಡನನ್ನು ಊರಿಗೆ ಕರೆದುಕೊಂಡು ಹೋಗುವವರೆಗೂ ಅವಳು ದಿನಾ ಬಂದಳು. ಮಳೆ ಬಂತು, ಬರಲಿಲ್ಲ; ನಲ್ಲಿಯಲ್ಲಿ ನೀರು ಬಿಟ್ಟರು, ಬಿಡಲಿಲ್ಲ. ಇಂಥವನ್ನು ಬಿಟ್ಟು ನಮ್ಮಿಬ್ಬರ ನಡುವೆ ಬೇರೆ ಮಾತು ಬರಲಿಲ್ಲ.