ಬೇಲಿಯ ಬಸುರಿ

ತೊಗರಿ ಕಟ್ಟಿಗೆಯ ಹೊಗೆಗೆ ಅದರದೇ ಒಂದು ವಾಸನೆ. ತುಸು ಸಿಹಿ, ತುಸು ಒಗರು, ಹಸಿ ಕಾಳು ಹುರಿದ ಹಾಗೆ. ಜೇವರ್ಗಿಯ ನಮ್ಮ ಓಣಿಯಲ್ಲಿ ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆ. ಆದರೂ ಚಳಿ ಬಿತ್ತೆಂದರೆ ಮೂಲೆಮನೆಯ ಮುದುಕಿ ಮೈತೊಳೆಯುವ ನೀರು ಕಾಯಿಸಲು ಅದನ್ನೇ ಒಟ್ಟುತ್ತಾಳೆ. ಆ ಹೊಗೆ ನನ್ನ ಕಿಟಕಿಗೆ ಬಂದರೆ ಕೈಯಲ್ಲಿನ ಕೆಲಸ ಕೈಯಲ್ಲೇ ಉಳಿಯುತ್ತದೆ. ಮೊಮ್ಮಕ್ಕಳನ್ನು ಕಾಣುವ ವಯಸ್ಸು ಹತ್ತಿರ ಬಂದರೂ ಆ ಹೊತ್ತಿಗೆ ನಾನು ನನ್ನ ತವರೂರು ಕಿಣ್ಣಿ ಸುಲ್ತಾನದ ಲಂಗದ ಹುಡುಗಿಯೇ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಇಲ್ಲವೆಂದರೆ ನಾನು ನಂಬುವುದಿಲ್ಲ.

ನಮ್ಮ ಹಿತ್ತಲಿನ ಬೇಲಿಯೇ ತೊಗರಿ ಕಟ್ಟಿಗೆಯದು. ರಾಶಿ ಮುಗಿದ ಮೇಲೆ ಉಳಿದ ಕಟ್ಟಿಗೆಯನ್ನು ಒತ್ತೊತ್ತಾಗಿ ನೆಟ್ಟು, ಅಡ್ಡ ದಬ್ಬೆ ಕೊಟ್ಟು ಬಿಗಿದಿದ್ದರು. ಬೇಲಿಯ ಆಚೆ ರಾಬಿಯಾ ಖಾಲಾನ ಅಂಗಳ. ನಡುವೆ ಒಬ್ಬರು ಬಾಗಿ ದಾಟುವಷ್ಟು ಒಂದು ಕಂಡಿ. ನಮ್ಮ ಆಯಿ, ಎಂದರೆ ಅಪ್ಪನ ಅವ್ವ, ಸೊಸೆಯಾಗಿ ಬಂದ ವರ್ಷವೇ ಆ ಕಂಡಿ ಬಿಟ್ಟದ್ದಂತೆ. ಅತ್ತಲಿಂದ ಖಾಲಾ, ಇತ್ತಲಿಂದ ಆಯಿ, ದಿನಕ್ಕೆ ಎಷ್ಟು ಸಲ ಬಾಗುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ಒಬ್ಬಳ ಹಳೆ ಸೀರೆ ಇನ್ನೊಬ್ಬಳ ಕೌದಿಯಲ್ಲಿ ತೇಪೆಯಾಗಿತ್ತು. ಇಂದು ಆ ಮನೆ ಇಲ್ಲ, ಹಿತ್ತಲೂ ಇಲ್ಲ. ಅಲ್ಲಿ ಯಾರದೋ ತಗಡಿನ ಶೆಡ್ಡು ನಿಂತಿದೆ, ಊರಿಗೆ ಹೋದಾಗ ನಾನು ಅತ್ತ ಹೊರಳಿಯೂ ನೋಡುವುದಿಲ್ಲ.

ನಾನು ಸಣ್ಣವಳಿದ್ದಾಗ ಒಂದು ವರ್ಷ ದೀಪಾವಳಿಯ ಮುಂದೆ ಖಾಲಾ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಡಾಕ್ಟರು ಅಲ್ಲಾಡದೆ ಮಲಗಬೇಕೆಂದರು. ಮಗ ಮಸ್ತಾನ, ಅವನ ಹೆಂಡತಿ ಇಬ್ಬರೂ ಕೂಲಿಯವರು. ಬೆಳಕು ಹರಿಯುವುದರೊಳಗೆ ಹೊಲಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಖಾಲಾಗೆ ನೀರು ಕುಡಿಸುವವಳು, ರೊಟ್ಟಿ ಮುರಿದು ಬಾಯಿಗೆ ಇಡುವವಳು, ಮಗ್ಗಲು ಹೊರಳಿಸುವವಳು ಆಯಿ ಒಬ್ಬಳೇ. ಬೀದಿ ಸುತ್ತಿ ಹೋಗಲು ಅವಳ ಮೊಣಕಾಲು ಒಲ್ಲೆನ್ನುತ್ತಿದ್ದವು. ಕಂಡಿಯೊಂದೇ ದಾರಿ. ಅಷ್ಟರಲ್ಲಿ ಮಸ್ತಾನನ ಆಡು ಅದೇ ಕಂಡಿಯಿಂದ ನುಗ್ಗಿ, ಅಪ್ಪ ಅಫಜಲಪುರದಿಂದ ಆಸೆಪಟ್ಟು ತಂದಿದ್ದ ನಿಂಬೆ ಸಸಿಗಳನ್ನು ಬುಡಮಟ ಮೇಯ್ದುಬಿಟ್ಟವು. ಅಪ್ಪ ಬೈದ, ಮಸ್ತಾನ ತಿರುಗಿ ಬೈದ. ಮಾತಿಗೆ ಮಾತು ಬೆಳೆದು ಮಾತೇ ನಿಂತುಹೋಯಿತು. ಮೂರನೆಯ ದಿನ ನಮ್ಮ ಅಂಗಳದಲ್ಲಿ ಬಂಡಿಗಟ್ಟಲೆ ಕಲ್ಲು ಬಂದು ಬಿದ್ದವು. ಬೇಲಿ ಕಿತ್ತು ಗೋಡೆ ಕಟ್ಟುತ್ತೇನೆಂದು ಅಪ್ಪ ಹಟ ಹಿಡಿದಿದ್ದ. ಖಾಲಾನ ಗತಿಯೇನೆಂದು ಅವ್ವ ಮೆಲ್ಲಗೆ ಕೇಳಿದ್ದಕ್ಕೆ, 'ಅವನ ಅವ್ವನ್ನ ಅವ ನೋಡ್ಕೋತಾನ' ಎಂದು ಉರಿದುಬಿದ್ದ. ಮಗನ ಮುಂದೆ ಅಂಗಲಾಚುವ ಜಾತಿ ಆಯಿಯದಲ್ಲ.

ಮರುದಿನ ಗೌಂಡಿ ಬಂದು ದಾರ ಹಿಡಿದು ಇನ್ನೇನು ಗುದ್ದಲಿ ಎತ್ತಬೇಕು, ಆಯಿ ಕಂಡಿಯ ಮುಂದೆ ಬಂದು ನಿಂತಳು. 'ಯಾಕ್ಲೇ ಶರಣ್ಯಾ, ಮನ್ಯಾಗ ಬಸುರಿ ಇದ್ದಾಗ ಯಾರರ ಪಾಯಾ ತೋಡ್ತಾರೇನು?' ಎಂದು ಅಪ್ಪನನ್ನು ಕೇಳಿದಳು. ಅಪ್ಪ ದಂಗಾಗಿ ಅವ್ವನ ಮುಖ ನೋಡಿದ. ಅವ್ವ 'ಅಯ್ಯ ಶಿವನೇ, ನಾ ಅಲ್ರಿ!' ಎಂದು ಸೆರಗು ಮುಖಕ್ಕೆ ಒತ್ತಿಕೊಂಡು ಒಳಗೆ ಓಡಿದಳು. ಆಯಿ ಬೆರಳು ತೋರಿಸಿದ ಕಡೆ ಬೇಲಿಯಲ್ಲಿ ಒಂದು ಜೇಡ ಕೂತಿತ್ತು. ಹಳದಿ ಕಪ್ಪು ಪಟ್ಟೆಯ ದೊಡ್ಡ ಹೆಣ್ಣು ಜೇಡ. ಬಲೆಯ ನಡುವೆ ಬಿಳಿ ದಾರದಲ್ಲಿ ಕಸೂತಿ ಹಾಕಿ, ಅದರ ಮೇಲೆ ಕಾಲು ಚಾಚಿಕೊಂಡಿತ್ತು. ಹೊಟ್ಟೆ ಬಿರಿಯುವ ಹಾಗಿತ್ತು. ನಕ್ಕಿರಾ? ನಗಿರಿ. ಅವತ್ತು ಗೌಂಡಿ ಮಾತ್ರ ನಗಲಿಲ್ಲ. ಬಸುರಿ ಇರುವ ಮನೆಯಲ್ಲಿ ಪಾಯ ತೋಡಬಾರದೆಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. 'ಆಯಿ ಹೇಳೂದು ಖರೆ ಅದ ರೀ ಯಪ್ಪಾ. ಹುಳ ಆದರೇನು, ಬಸುರಿ ಬಸುರೀನೆ. ನನಗೂ ಮಕ್ಕಳದಾವ' ಎಂದು ದಾರ ಸುತ್ತಿಕೊಂಡು ನಡೆದೇಬಿಟ್ಟ.

ಅಂದಿನಿಂದ ಆ ಜೇಡ ನನ್ನದಾಯಿತು. ಅದಕ್ಕೇನಾದರೂ ಆದರೆ ಕಂಡಿ ಮುಚ್ಚುತ್ತದೆ, ಕಂಡಿ ಮುಚ್ಚಿದರೆ ಖಾಲಾ ನೀರಿಲ್ಲದೆ ಒದ್ದಾಡುತ್ತಾಳೆ ಎಂಬುದು ನನಗೆ ಸ್ಪಷ್ಟವಾಗಿತ್ತು. ಒಲೆಗೆಂದು ಅವ್ವ ಬೇಲಿಯ ಕಟ್ಟಿಗೆ ಎಳೆಯಲು ಬಂದರೆ ನಾನು ಅಡ್ಡ ಕೂರುತ್ತಿದ್ದೆ. ಒಂದು ಮುಂಜಾನೆ ನೋಡಿದರೆ ಜೇಡದ ಹೊಟ್ಟೆ ಬತ್ತಿತ್ತು. ಬಲೆಯ ಪಕ್ಕದ ಕಟ್ಟಿಗೆಗೆ ಒಣಗಿದ ಎಲೆಯ ಬಣ್ಣದ ಒಂದು ಪುಟ್ಟ ಚೀಲ ಜೋತಿತ್ತು. ಹೊರಗೆ ಕಾಗದದಂಥ ಗಟ್ಟಿ ಹೊದಿಕೆ. ಆಯಿ ಅದನ್ನು ಮುಟ್ಟದೆ, ಕಣ್ಣು ಕಿರಿದು ಮಾಡಿ ನೋಡಿ, 'ಹಡದಾಳ. ಇನ್ನ ಬಾಣಂತಿ' ಎಂದು ಅಪ್ಪನಿಗೆ ಕೇಳುವ ಹಾಗೆ ಸಾರಿದಳು. ಅಪ್ಪ ಹಲ್ಲು ಕಚ್ಚಿಕೊಂಡು ಹೊಲಕ್ಕೆ ಹೋದ.

ಎಳ್ಳಮಾವಾಸ್ಯೆಯ ಹೊತ್ತಿಗೆ ಚಳಿ ಬಲವಾಯಿತು. ನಮ್ಮ ಸೀಮೆಯ ಚಳಿ ಒಣಚಳಿ. ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ. ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಮನೆಯವರೆಲ್ಲ ಬಂಡಿ ಕಟ್ಟಿ ಹೊಲಕ್ಕೆ ಹೊರಟಾಗ ಆಯಿ ಬರುವುದಿಲ್ಲವೆಂದಳು, ನಾನೂ ಉಳಿದೆ. ಅವತ್ತೇ ಜೇಡ ಸತ್ತಿತ್ತು. ಹರಿದ ಬಲೆಯಲ್ಲಿ ಒಂದು ಕಾಲಿನಿಂದ ಜೋತಾಡುತ್ತಿತ್ತು. ನಾನು ಬಾಯಿ ತೆಗೆದು ಅತ್ತೆ. ಆಯಿ ಗದರಿದಳು: 'ಏ ಹುಚ್ಚಿ, ಸುಮ್ನಿರು. ಚಳಿ ದಾಟೂದು ಅಕಿ ಕೈಲಿ ಆಗೂದಿಲ್ಲ, ಅದು ಅಕಿಗೂ ಗೊತ್ತಿತ್ತು. ಅದಕ್ಕ ಕೌದಿ ಹೊಲದು ಇಟ್ಟು ಹೋಗ್ಯಾಳ. ಮಕ್ಕಳು ದಾಟತಾವ.' ಆ ಚೀಲದೊಳಗೆ ಅರಳೆಯಂಥ ಮೆತ್ತೆ ಇರುತ್ತದೆಂದು, ಮರಿಗಳು ಒಳಗೇ ತತ್ತಿಯೊಡೆದು ಒಂದಕ್ಕೊಂದು ಒತ್ತಿಕೊಂಡು ಚಳಿಗಾಲ ಕಳೆಯುತ್ತವೆಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಸಂಜೆ ಬಂದ ಅಪ್ಪ, 'ಬಾಣಂತಿ ಸತ್ತಳಲ್ಲವ್ವಾ, ಇನ್ನೇನು ಹೇಳ್ತಿ?' ಎಂದ. 'ತಾಯಿಲ್ಲದ ಕೂಸುಗಳ ತೊಟ್ಟಿಲಾ ಕೀಳ್ತಿ ಅಂದ್ರ ಕೀಳಪ್ಪಾ' ಎಂದಳು ಆಯಿ. ಅಪ್ಪ ಕೀಳಲಿಲ್ಲ.

ಹೀಗೆ ಆ ಚಳಿಗಾಲವೆಲ್ಲ ಕಂಡಿ ತೆರೆದೇ ಇತ್ತು. ಆಯಿ ಬಿಸಿ ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿ ಹೋಗುವುದು, ಖಾಲಾನ ತಲೆ ಬಾಚುವುದು, ಬೆನ್ನಿಗೆ ಎಣ್ಣೆ ಉಜ್ಜುವುದು, ಉಜ್ಜುತ್ತಲೇ ಅವಳೊಡನೆ ಜಗಳ ತೆಗೆಯುವುದು, ಇವೆಲ್ಲ ನನ್ನ ಕಣ್ಣ ಮುಂದೆ ನಡೆದವು. ಮಲಗಿದಲ್ಲಿಂದಲೇ ಖಾಲಾ ಚೇಷ್ಟೆ ಮಾಡುತ್ತಿದ್ದಳು. 'ಯಾ ಅಲ್ಲಾ, ಹುಳದ ಹೆಸರ ಮ್ಯಾಲೆ ಹೊಟ್ಟಿಲಿ ಹುಟ್ಟಿದ ಮಗನ್ನ ಕುಣಸಾಕತ್ತಿಯಲ್ಲ ಅಕ್ಕಾ' ಎನ್ನುವಳು. 'ಸುಳ್ಳು ಹೇಳೀನೇನ ಬೇ? ಅಕಿ ಖರೇನ ಬಸುರಿ ಇದ್ಲು' ಎಂದು ಆಯಿ ರೇಗುವಳು. ಇಬ್ಬರೂ ಕೆಮ್ಮು ಬರುವವರೆಗೆ ನಗುತ್ತಿದ್ದರು.

ಆದರೆ ಖಾಲಾನ ಕೆಮ್ಮು ನಿಲ್ಲಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಎದೆಯಲ್ಲಿ ಕಫ ಕಟ್ಟಿತು. ಒಂದು ಮಧ್ಯಾಹ್ನ ಆಯಿಯ ಕೈಯಿಂದ ಎರಡು ಗುಟುಕು ನೀರು ಕುಡಿದು, ಮೂರನೆಯದನ್ನು ಒಲ್ಲೆನೆಂದು ಮುಖ ಹೊರಳಿಸಿದವಳು ಮತ್ತೆ ಈಚೆ ಹೊರಳಲಿಲ್ಲ. ಊರೆಲ್ಲ ಸೇರಿತು. ಅಪ್ಪ ಯಾರೂ ಹೇಳದೆ ಹೋಗಿ ಮಸ್ತಾನನ ಪಕ್ಕದಲ್ಲಿ ನಿಂತು ಹೆಗಲು ಕೊಟ್ಟ. ಆಯಿಯ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಮುದುಕಿಯ ಎದೆ ಕಲ್ಲು ಎಂದು ಹೆಂಗಸರು ಆಡಿಕೊಂಡದ್ದು ನನಗೂ ಕೇಳಿಸಿತು, ಅವರ ಮೇಲೆ ಕೆಂಡದಂಥ ಸಿಟ್ಟು ಬಂತು.

ಮರುದಿನ ಅಪ್ಪ ಆಯಿಯ ಎದುರು ಬಂದು ತಲೆ ತಗ್ಗಿಸಿ ನಿಂತ. 'ಅವ್ವಾ, ಕಲ್ಲು ವಾಪಸ್ ಕಳಸ್ತೀನಿ. ಬೇಲಿ ಇದ್ದಂಗ ಇರ್ಲಿ' ಎಂದ. ಆಯಿ ಕಂಡಿಯ ಕಡೆ ಕೈ ಮಾಡಿ, 'ಬ್ಯಾಡ. ಕಟ್ಟು. ಎತ್ತರಾಗೇ ಕಟ್ಟು. ಅಕಿ ಮಲಗ್ತಿದ್ದ ಆ ಖಾಲಿ ಬಾಜ ನನಗ ದಿನಾ ಕಾಣಬಾರದು ನೋಡು' ಎಂದಳು. ನಾನು ಓಡಿ ಹೋಗಿ ಅವಳ ಸೆರಗು ಹಿಡಿದೆ. 'ಮರಿ ಇನ್ನೂ ಹೊರಗ ಬಂದಿಲ್ಲಲ್ಲ ಆಯಿ?' ಎಂದು ಅತ್ತೆ. ಆಯಿ ಎದ್ದು, ಚೀಲ ಇದ್ದ ಕಟ್ಟಿಗೆಯನ್ನು ಅಲುಗಾಡದ ಹಾಗೆ ಮುರಿದು ತಂದು ಕರಿಬೇವಿನ ಗಿಡದ ಮರೆಗೆ ದಾರದಿಂದ ಬಿಗಿದಳು. 'ನಿನಗ ಮಾತು ಕೊಟ್ಟೀನಿ, ಇವನ್ನ ದಾಟಸ್ತೀನಿ' ಎಂದಳು. ಗೋಡೆ ಎದ್ದಿತು.

ಬೇವು ಹೂವಾಡುವ ಹೊತ್ತು. ಒಂದು ಬೆಳಿಗ್ಗೆ ಚೀಲದಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡಿತು. ಅದರಿಂದ ಎಳ್ಳಿಗಿಂತ ಸಣ್ಣ ಮರಿಗಳು ಒಂದರ ಹಿಂದೊಂದು ಹೊರಬಂದು ಟೊಂಗೆಯ ತುದಿಗೆ ಏರಿ, ನೂಲು ಬಿಟ್ಟು, ಗಾಳಿ ಹಿಡಿದು ಹೋಗತೊಡಗಿದವು. ಬಿಸಿಲೇರುವವರೆಗೆ ನಾನು ಅಲ್ಲಿಯೇ ನಿಂತಿದ್ದೆ. ಆಯಿ ಗೋಡೆಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತಿದ್ದಳು.

'ಎಲ್ಲಾ ಹೋದವೇನ?' ಎಂದು ಕೇಳಿದಳು.

'ಹೋದವು ಆಯಿ. ಒಂದೂ ಉಳದಿಲ್ಲ.'

'ಛಲೋ ಆತು' ಎಂದಳು. 'ಇನ್ನ ನನಗ ಕೆಲಸಿಲ್ಲ' ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಖಾಲಾ ಸತ್ತ ಮೇಲೆ ಅವತ್ತೇ ಮೊದಲ ಸಲ, ರಾಬಿಯಾ, ರಾಬಿಯಾ ಎನ್ನುತ್ತ, ನಮ್ಮ ಆಯಿ ಓಣಿಗೆಲ್ಲ ಕೇಳುವ ಹಾಗೆ ಅತ್ತಳು.